ಬೀಡಿ ತೆರಿಗೆ: ನಾನು ಲೆಕ್ಕ ಹಾಕಿದ ಬಗೆ

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ 7.7 ಮಂದಿ ಬೀಡಿ ಸೇದುತ್ತಾರೆ, ಸಿಗರೇಟು ಸೇದುವವರು ಶೇ 4. ಆದರೂ ತೆರಿಗೆಯ ಮಾತು ಬಂದಾಗ ಎಲ್ಲರೂ ಸಿಗರೇಟನ್ನೇ ಹಿಡಿಯುತ್ತಾರೆ. ಬೀಡಿಯ ತೆರಿಗೆ ಏರಿಸಿದರೆ ಎಷ್ಟು ಆಯುಷ್ಯ, ಎಷ್ಟು ಹಣ ಉಳಿಯುತ್ತದೆ ಎಂದು ನಾನು ಲೆಕ್ಕ ಹಾಕಲು ಹೊರಟದ್ದು ಅದಕ್ಕೇ. ಬೇಕಾದದ್ದು ಒಂದು ಎಕ್ಸೆಲ್ ಹಾಳೆ, ಅಷ್ಟೆ.

ನಾನು ಲೆಕ್ಕ ಹಾಕಿದಾಗ ಬೀಡಿಗೆ ಶೇ 28 ಜಿಎಸ್‌ಟಿ ಇತ್ತು, ಸೆಸ್ ಇರಲಿಲ್ಲ. ಈ 28 ತೆರಿಗೆಗೆ ಮುಂಚಿನ ಬೆಲೆಯ ಮೇಲಿನದು. ಕಟ್ಟಿಗೆ 20 ರೂಪಾಯಿ ಎಂದಿಟ್ಟುಕೊಂಡರೆ ಅದರಲ್ಲಿ ತೆರಿಗೆ ಸುಮಾರು 4 ರೂಪಾಯಿ 40 ಪೈಸೆ, ಅಂದರೆ ಶೇ 22. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ಶೇ 75.

ಕಟ್ಟಿಗೆ ಇನ್ನೂ 10 ರೂಪಾಯಿ ತೆರಿಗೆ ಸೇರಿಸಿ ನೋಡಿದೆ. ಬೆಲೆ ಶೇ 1 ಏರಿದರೆ ಬೀಡಿಯ ಬಳಕೆ ಸುಮಾರು ಶೇ 0.9 ಇಳಿಯುತ್ತದೆ ಎಂದು ಭಾರತದ ಅಧ್ಯಯನಗಳು ಹೇಳುತ್ತವೆ. ಬೆಲೆ ಏರಿದ್ದು ಶೇ 50. ನೇರವಾಗಿ ಗುಣಿಸಿದರೆ ಇಳಿಕೆ ಶೇ 45. ಇಷ್ಟು ದೊಡ್ಡ ಏರಿಕೆಗೆ ಆ ಗುಣಾಕಾರ ಸಲ್ಲದು. 1.5ನ್ನು −0.9ರ ಘಾತಕ್ಕೆ ಏರಿಸಿದರೆ ಸಿಗುವುದು ಸುಮಾರು 0.69, ಅಂದರೆ ಇಳಿಕೆ ಶೇ 31. ಅದನ್ನೇ ಇಟ್ಟುಕೊಂಡೆ. ಆರೋಗ್ಯದ ಪರವಾಗಿ ವಾದಿಸುವವರು ಅಂಕಿಯನ್ನು ಉಬ್ಬಿಸಬಾರದು ಎಂಬುದು ನನ್ನ ಹಟ.

ಇಳಿಕೆಯಲ್ಲಿ ಅರ್ಧ ಪೂರ್ತಿ ಬಿಟ್ಟವರದು, ಅರ್ಧ ಕಡಿಮೆ ಮಾಡಿದವರದು ಎಂದು ಹಿಡಿಯುವುದು ಈ ಲೆಕ್ಕಗಳಲ್ಲಿ ವಾಡಿಕೆ. ಕಡಿಮೆ ಮಾಡಿದವರ ಆಯುಷ್ಯದ ಲಾಭಕ್ಕೆ ಸೊನ್ನೆ ಬರೆದೆ. ಬಿಟ್ಟವರ ವಿಷಯದಲ್ಲಿ ವಯಸ್ಸೇ ಮುಖ್ಯ. ರಿಚರ್ಡ್ ಡಾಲ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯರನ್ನು 50 ವರ್ಷ ಗಮನಿಸಿ 2004ರಲ್ಲಿ ತಿಳಿಸಿದಂತೆ, 30, 40, 50, 60ರಲ್ಲಿ ಸಿಗರೇಟು ಬಿಟ್ಟರೆ ಹೆಚ್ಚುವರಿಯಾಗಿ ಸಿಗುವ ಆಯುಷ್ಯ ಕ್ರಮವಾಗಿ 10, 9, 6, 3 ವರ್ಷ. ಪ್ರಭಾತ್ ಝಾ ತಂಡದ 2008ರ ಭಾರತೀಯ ಅಧ್ಯಯನದಲ್ಲಿ ಸಿಗರೇಟು ಸೇದುವ ಗಂಡಸರು ಸುಮಾರು 10 ವರ್ಷ ಕಳೆದುಕೊಂಡರೆ, ಬೀಡಿ ಸೇದುವವರು ಸುಮಾರು 6 ವರ್ಷ. ಹಾಗಾಗಿ ಡಾಲ್ ಅಂಕಿಗಳನ್ನು 0.6ರಿಂದ ಗುಣಿಸಿದೆ. 40ರಲ್ಲಿ ಬಿಟ್ಟವನಿಗೆ 5.4 ವರ್ಷ, 60ರವನಿಗೆ ಎರಡೂ ಇಲ್ಲ.

ಚಿಕಿತ್ಸೆಯ ಉಳಿತಾಯ ತಡವಾಗಿ ಬರುತ್ತದೆ. ವರ್ಷಕ್ಕೆ ಶೇ 3ರ ದರದಲ್ಲಿ ಕಡಿತ ಮಾಡಿದರೆ 20 ವರ್ಷದಾಚೆಯ 100 ರೂಪಾಯಿ ಇಂದಿನ 55 ರೂಪಾಯಿ. ಆದಾಯ ಮಾತ್ರ ಮೊದಲ ವರ್ಷವೇ ಕೈಸೇರುತ್ತದೆ: ಮಾರಾಟ ಶೇ 31 ಕುಸಿದರೂ ತೆರಿಗೆಯ ಮೊತ್ತ ಎರಡು ಪಟ್ಟು ಮೀರುತ್ತದೆ.

ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಕೂಲಿ ಈ ಹಾಳೆಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅವರ ನಷ್ಟಕ್ಕೆ ನಾನು ಪ್ರತ್ಯೇಕ ಸಾಲು ಹಾಕಿದೆ, ಹೆಚ್ಚುವರಿ ಆದಾಯದಿಂದ ಮೊದಲು ಕಳೆಯುವುದು ಅದನ್ನೇ.