ಇಲಾಖೆಯ ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದ್ದರೆ ಮೊದಲು ನೋಡಬೇಕಾದದ್ದು

ಸರ್ಕಾರಿ ಡೊಮೈನ್‌ನಿಂದ ಹೋಗುವ ಮೇಲ್‌ಗಳು ಜನರ ಸ್ಪ್ಯಾಮ್ ಫೋಲ್ಡರ್ ಸೇರುತ್ತಿವೆ ಎಂಬ ದೂರು ಬಂದಾಗ, ಸರ್ವರ್ ಬದಲಿಸುವ ಮಾತಿಗೆ ಮುನ್ನ ದಯವಿಟ್ಟು ಡಿಎನ್‌ಎಸ್ ದಾಖಲೆಗಳನ್ನು (ಡೊಮೈನ್ ಬಗ್ಗೆ ಯಾರು ಬೇಕಾದರೂ ನೋಡಬಹುದಾದ ಮಾಹಿತಿ) ಪರಿಶೀಲಿಸಿ. ಈ ದಾಖಲೆಗಳನ್ನು ತೋರಿಸುವ ಎನ್‌ಎಸ್‌ಲುಕಪ್ (nslookup) ಆದೇಶದಲ್ಲಿ ಟಿಎಕ್ಸ್‌ಟಿ (ಪಠ್ಯ) ದಾಖಲೆ ಕೇಳಿದರೆ ಎಸ್‌ಪಿಎಫ್ ಸಾಲು, ಅಂದರೆ ಡೊಮೈನ್ ಹೆಸರಿನಲ್ಲಿ ಮೇಲ್ ಕಳುಹಿಸಲು ಅನುಮತಿ ಇರುವ ಸರ್ವರ್‌ಗಳ ಪಟ್ಟಿ, ಕಾಣುತ್ತದೆ. ಅಂಥ ಸಾಲು ಒಂದೇ ಇರಬೇಕು ಮತ್ತು ಅದರಿಂದಾಗುವ ಡಿಎನ್‌ಎಸ್ ಹುಡುಕಾಟಗಳು 10ನ್ನು ಮೀರಬಾರದು. ಅರ್ಜಿಯ ಪೋರ್ಟಲ್, ಸುತ್ತೋಲೆ ಕಳುಹಿಸುವ ಹೊರಗಿನ ಸೇವೆ ಎಂದು ಒಂದೊಂದನ್ನೇ ಸೇರಿಸುತ್ತಾ ಹೋದಲ್ಲಿ ಈ ಮಿತಿ ಸದ್ದಿಲ್ಲದೆ ದಾಟಿಹೋಗುತ್ತದೆ, ಆಗ ಅಸಲಿ ಮೇಲ್ ಕೂಡ ತಪಾಸಣೆಯಲ್ಲಿ ವಿಫಲವಾಗಬಹುದು.

ಡಿಕಿಮ್ ಸಹಿಯನ್ನು (ಮೇಲ್ ಅಸಲಿ ಎಂದು ಪರೀಕ್ಷಿಸಲು ಡೊಮೈನ್ ಹಾಕುವ ಡಿಜಿಟಲ್ ಸಹಿ) ನೋಡಲು ಜಿಮೇಲ್ ಖಾತೆಯೊಂದಕ್ಕೆ ಮೇಲ್ ಕಳುಹಿಸಿ ‘ಶೋ ಒರಿಜಿನಲ್’ ತೆರೆದರೆ ಸಾಕು.

ಈ ತಪಾಸಣೆಗಳಲ್ಲಿ ವಿಫಲವಾದ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ದಾಖಲೆಯಲ್ಲಿ ಮಾತ್ರ ‘ನನ್’ (none, ಏನೂ ಮಾಡಬೇಡ) ಹಂತಕ್ಕೇ ನಿಲ್ಲಬೇಡಿ. ಅದು ವರದಿ ತರಿಸುತ್ತದೆಯೇ ಹೊರತು ನಕಲಿ ಮೇಲ್ ತಡೆಯುವುದಿಲ್ಲ. ಅಮೆರಿಕದ ಫೆಡರಲ್ ಸರ್ಕಾರ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ 18-01 ನಿರ್ದೇಶನವು ಸಂಸ್ಥೆಗಳು ಒಂದು ವರ್ಷದೊಳಗೆ ‘ರಿಜೆಕ್ಟ್’ (ತಿರಸ್ಕರಿಸು) ಹಂತ ತಲುಪಬೇಕೆಂದು ವಿಧಿಸಿತ್ತು. ನಮ್ಮ ಕಚೇರಿಗಳಿಗೂ ಇದೇ ಸರಿಯಾದ ಗುರಿ ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಇಲಾಖೆಯ ಹೆಸರು ಹೊತ್ತು ಬಂದ ನಕಲಿ ಮೇಲನ್ನು ಪಿಂಚಣಿದಾರರೊಬ್ಬರು ಅನುಮಾನಿಸಲು ಕಾರಣವೇ ಇರುವುದಿಲ್ಲ. ಆದರೆ ಅವಸರ ಬೇಡ: ಕೆಲವು ವಾರ ವರದಿಗಳನ್ನು ಓದಿ, ನಿಮ್ಮ ಎಲ್ಲ ಮೂಲಗಳೂ ತೇರ್ಗಡೆಯಾದ ಮೇಲೆ ಮೊದಲು ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು), ನಂತರ ‘ರಿಜೆಕ್ಟ್’ ಹಾಕಿ. ಮೇಲ್ ಕಳುಹಿಸದ ಹಳೆಯ ಡೊಮೈನ್‌ಗಳಿಗಾದರೆ ‘ರಿಜೆಕ್ಟ್’ ಅನ್ನು ಇಂದೇ ಹಾಕಬಹುದು.