ಪರದೆ ಕಪ್ಪಾಯ್ತಾ? ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ

ಪವರ್ ಬಟನ್ ಒತ್ತಿದಿರಿ. ಫ್ಯಾನ್ ಗುಯ್ ಅಂದಿತು, ಅಂಚಿನ ಪುಟ್ಟ ದೀಪವೂ ಹತ್ತಿತು. ಪರದೆ ಮಾತ್ರ ಕಪ್ಪು. ಲ್ಯಾಪ್‌ಟಾಪೇ ಹೋಯ್ತು ಅಂತ ಎದೆ ಧಸಕ್ ಎನ್ನುತ್ತದೆ, ಅಲ್ವಾ? ಆದರೆ ಎಷ್ಟೋ ಸಲ ಒಳಗೆ ಎಲ್ಲ ನಡೆಯುತ್ತಲೇ ಇರುತ್ತದೆ, ನಮಗೆ ಕಾಣುತ್ತಿರುವುದಿಲ್ಲ ಅಷ್ಟೇ.

ನಾಡಿ ನೋಡಿ

ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಪ್ರತಿ ಸಲ ಒತ್ತಿದಾಗಲೂ ಅದರ ದೀಪ ಹತ್ತಿ ಆರಿದರೆ ಲ್ಯಾಪ್‌ಟಾಪ್ ಎಚ್ಚರವಾಗಿದೆ. ಎಷ್ಟು ಒತ್ತಿದರೂ ದೀಪ ಬದಲಾಗದಿದ್ದರೆ ಶುರುವಾಗುವಾಗಲೇ ಎಲ್ಲೋ ಸಿಕ್ಕಿಕೊಂಡಿರಬಹುದು. ಕೆಲವು ಮಾಡೆಲ್‌ಗಳಲ್ಲಿ ದೀಪ ತಾನಾಗಿ ಮಿಣುಕುತ್ತದೆ, ಇಲ್ಲವೇ ಬೀಪ್ ಸದ್ದು ಬರುತ್ತದೆ. ಎಷ್ಟು ಸಲ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಯಾವ ಭಾಗ ಕೈಕೊಟ್ಟಿದೆ ಅಂತ ಅದು ಹೇಳುತ್ತಿರುತ್ತದೆ. ಅರ್ಥ ಕಂಪನಿಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ.

ಎಚ್ಚರವಿದ್ದರೆ

ಬ್ರೈಟ್‌ನೆಸ್ ಹೆಚ್ಚಿಸುವ ಕೀ ಒತ್ತಿ. ನಗಬೇಡಿ, ಸೊನ್ನೆಗೆ ಇಳಿದಿರುವುದುಂಟು. ವಿಂಡೋಸ್ ಆದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಸಾಫ್ಟ್‌ವೇರ್, ಹೊಸದಾಗಿ ಶುರುವಾಗುತ್ತದೆ.

ಇನ್ನೂ ಕಪ್ಪೇ? ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಐಕಾನ್‌ಗಳು ಮಸುಕು ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಪರದೆಯ ಹಿಂದಿರುವ ಬೆಳಕು, ಅಂದರೆ ಬ್ಯಾಕ್‌ಲೈಟ್, ಹತ್ತುತ್ತಿಲ್ಲ. ಏನೂ ಕಾಣದಿದ್ದರೆ ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಜೋಡಿಸಿ. ಅಲ್ಲಿ ಚಿತ್ರ ಬಂದರೆ ಪರದೆಯಲ್ಲೋ ಅದಕ್ಕೆ ಹೋಗುವ ಕೇಬಲ್‌ನಲ್ಲೋ ತೊಂದರೆ. ಮುಚ್ಚಳ ಹಿಂದೆ ಮುಂದೆ ಆಡಿಸಿದಾಗ ಚಿತ್ರ ಬಂದು ಹೋದರೆ ಅನುಮಾನ ಕೇಬಲ್ ಮೇಲೇ.

ಒಮ್ಮೆ ನನ್ನ ಲ್ಯಾಪ್‌ಟಾಪ್ ಪರದೆ ಆಗಾಗ ಆರಿಹೋಗುತ್ತಿತ್ತು. ಅರ್ಧ ದಿನ ತಲೆ ಕೆಡಿಸಿಕೊಂಡೆ. ಕಡೆಗೆ ನೋಡಿದರೆ ಅದನ್ನು ಇನ್ನೊಂದು ಲ್ಯಾಪ್‌ಟಾಪ್ ಮೇಲಿಟ್ಟಿದ್ದೆ! ಮುಚ್ಚಳ ಮುಚ್ಚಿದ್ದು ಗೊತ್ತಾಗಲಿ ಅಂತ ಹೆಚ್ಚಿನವುಗಳಲ್ಲಿ ಆಯಸ್ಕಾಂತ ಇರುತ್ತದೆ. ಕೆಳಗಿನದರ ಆಯಸ್ಕಾಂತ ಮೇಲಿನದಕ್ಕೆ ಸುಮ್ನೆ ಮೋಸ ಮಾಡುತ್ತಿತ್ತು. ಆಯಸ್ಕಾಂತದ ಬಳೆ, ಮೊಬೈಲ್ ಕವರ್ ಕೂಡ ಇದೇ ಆಟ ಆಡುತ್ತವೆ.

ಎಚ್ಚರವೇ ಇಲ್ಲದಿದ್ದರೆ

ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲ ತೆಗೆಯಿರಿ. ಬ್ಯಾಟರಿ ಹೊರಗಿನಿಂದಲೇ ಬಿಚ್ಚಲು ಬರುವಂತಿದ್ದರೆ ಅದನ್ನೂ ತೆಗೆಯಿರಿ. ಈಗ ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ನನ್ನ ಅನುಭವದಲ್ಲಿ ಜಾಸ್ತಿ ಕೆಲಸ ಮಾಡಿದ್ದು ಇದೇ.

ರ‍್ಯಾಮ್ (ಒಳಗಿನ ಮೆಮೊರಿ ಪಟ್ಟಿ) ಸಡಿಲವಾಗಿದ್ದರೂ ಹೀಗಾಗುತ್ತದೆ. ಬಿಚ್ಚಿ ಅಭ್ಯಾಸವಿದ್ದರೆ ಮಾತ್ರ ಅದನ್ನು ತೆಗೆದು ಮತ್ತೆ ಕೂರಿಸಿ. ಬ್ಯಾಟರಿ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಚಾರ್ಜರ್ ಕಿತ್ತು ಅಲ್ಲಿಗೇ ಬಿಡಿ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಲೋಗೋ ಬಂದು ಆಮೇಲೆ ಕಪ್ಪಾದರೆ

ಹಾಗಾದರೆ ಪರದೆ ಚೆನ್ನಾಗಿದೆ, ಎಡವಟ್ಟು ಹೆಚ್ಚಾಗಿ ಸಾಫ್ಟ್‌ವೇರ್‌ದು. ಮೌಸ್ ಬಾಣ ಮಾತ್ರ ಕಾಣುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಹೊಸ ಟಾಸ್ಕ್ ಆರಿಸಿ ‘explorer.exe’ ಅಂತ ಟೈಪ್ ಮಾಡಿ. ಆಗದಿದ್ದರೆ ಲೋಗೋ ಬರುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ 10, 11ರಲ್ಲಿ ರಿಪೇರಿ ಪರದೆ ಬರುತ್ತದೆ. ಅಲ್ಲಿಂದ ಸೇಫ್ ಮೋಡ್‌ಗೆ (ಬೇಕೇ ಬೇಕಾದಷ್ಟರಿಂದ ಮಾತ್ರ ವಿಂಡೋಸ್ ಶುರುವಾಗುವ ವಿಧಾನ) ಹೋಗಿ, ಈಚೆಗೆ ಹಾಕಿದ ಗ್ರಾಫಿಕ್ಸ್ ಡ್ರೈವರ್ ತೆಗೆದುಹಾಕಿ. ನಡುವೆ ಬಿಟ್‌ಲಾಕರ್ ಕೀ (ಡಿಸ್ಕ್‌ಗೆ ವಿಂಡೋಸ್ ಹಾಕಿದ ಬೀಗ ತೆಗೆಯುವ ಸಂಖ್ಯೆ) ಕೇಳಿದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ.

ಇಷ್ಟಾದರೂ ಸರಿಹೋಗದೆ ರಿಪೇರಿಗೆ ಕೊಡುವುದಾದರೆ, ಟಿವಿಯಲ್ಲಿ ಚಿತ್ರ ಬರುತ್ತಿರುವಾಗಲೇ ಫೈಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅಂಗಡಿಯಲ್ಲಿ ‘ಪರದೆ ಬರ್ತಿಲ್ಲ’ ಅನ್ನಬೇಡಿ. ‘ಟಿವಿಯಲ್ಲಿ ಬರುತ್ತೆ, ಟಾರ್ಚ್ ಹಿಡಿದರೆ ಪರದೆಯಲ್ಲಿ ಮಸುಕಾಗಿ ಕಾಣುತ್ತೆ’ ಅನ್ನಿ. ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಹೋಗಿದೆ ಅಂತ ಅವರು ಅಷ್ಟು ಸುಲಭವಾಗಿ ಹೇಳಲಾರರು.