ಕ್ಯಾರವಾನ್ ಒಂದು ಕಡೆ ನಿಲ್ಲಿಸಿ, ಕಮರಿಗಳಿಗೆ ಕಾರಿನಲ್ಲಿ ಹೋಗಿ: ನನ್ನ ಅನುಭವ

ಅಡಿಲೇಡಿನಿಂದ ಉತ್ತರಕ್ಕೆ, ಆಸ್ಟ್ರೇಲಿಯಾದ ನಡುಭಾಗದ ಕೆಂಪು ಮಣ್ಣಿನ ಕಡೆಗೆ ಹೋಗಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ತಿಂಗಳಿನ ವಿಷಯ. ಮೇ ಕೊನೆಯಿಂದ ಆಗಸ್ಟ್ ಒಳಗೆ ಹೋಗಿ ಬನ್ನಿ. ಇಲ್ಲಿ ಅದು ಚಳಿಗಾಲ. ಹಗಲು 20 ಡಿಗ್ರಿ ಆಸುಪಾಸು, ನಡೆಯುವುದಕ್ಕೆ ಹಿತ. ರಾತ್ರಿ ಸೊನ್ನೆಗೂ ಕೆಳಗೆ ಇಳಿಯುತ್ತದೆ, ದಪ್ಪ ರಜಾಯಿ ಬೇಕೇ ಬೇಕು. ಡಿಸೆಂಬರ್, ಜನವರಿಯಲ್ಲಿ ಬಿಸಿಲು 40 ದಾಟುತ್ತದೆ, ಆಗ ನಮ್ಮ ವಯಸ್ಸಿನವರು ಆ ಕಡೆ ತಲೆ ಹಾಕಲೇಬಾರದು. ನಾವಿಬ್ಬರೂ ನಿವೃತ್ತರು, ಯಾರ ರಜೆಗೂ ಕಾಯಬೇಕಾಗಿರಲಿಲ್ಲ. ಹಾಗಾಗಿ ಜೂನ್ ಆರಿಸಿಕೊಂಡೆವು.

ಆಮೇಲೆ ತೂಕ. ಇದನ್ನು ಜಾಸ್ತಿ ಜನ ಹಗುರವಾಗಿ ತಗೋತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಗಾಡಿ. ಅದರ ಪ್ಲೇಟಿನ ಮೇಲೆ ಎಷ್ಟು ತೂಕ ಹೇರಬಹುದು ಅಂತ ಬರೆದಿರುತ್ತದೆ. ಸಾಮಾನೆಲ್ಲ ತುಂಬಿ, ನೀರಿನ ಟ್ಯಾಂಕ್ ತುಂಬಿಸಿ, ಆಮೇಲೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಬೇಕು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ ಅಲ್ವಾ? ಎರಡು ಟ್ಯಾಂಕ್ ಅಂದರೆ ಅದೇ ನೂರೈವತ್ತು ಕೆಜಿ ಹತ್ತಿರ ಹೋಗುತ್ತದೆ. ಕಾರಿನ ಕೊಂಡಿಯ ಮೇಲೆ ಕ್ಯಾರವಾನಿನ ಒಟ್ಟು ತೂಕದ 10%ರಷ್ಟು ಕೂತಿರಬೇಕು ಅನ್ನುವುದು ಇಲ್ಲಿನ ರೂಢಿ. ಅದು ಕಡಿಮೆಯಾದರೆ ವೇಗದಲ್ಲಿ ಹಿಂಭಾಗ ಓಲಾಡುವುದಕ್ಕೆ ಶುರುವಾಗುತ್ತದೆ. ಅದಕ್ಕೇ ಅಕ್ಕಿ, ಬೇಳೆ, ರಾಗಿ ಹಿಟ್ಟು, ಎಣ್ಣೆ ಎಲ್ಲವನ್ನೂ ನಾನು ಚಕ್ರದ ನೇರಕ್ಕೆ, ಕೆಳಗಿನ ಗೂಡುಗಳಲ್ಲೇ ಇಟ್ಟೆ. ಮೇಲಿನ ಗೂಡುಗಳಲ್ಲಿ ಬಟ್ಟೆ, ಹಪ್ಪಳ, ಅಷ್ಟೇ.

ಪೋರ್ಟ್ ಅಗಸ್ಟಾದಿಂದ ಸ್ಟುವರ್ಟ್ ಹೈವೇ ಹಿಡಿದರೆ ರಸ್ತೆ ಸೊಗಸಾಗಿದೆ, ಡಾರ್ವಿನ್‌ವರೆಗೂ ಟಾರು. ಆದರೆ ಒಂದರ ಹಿಂದೊಂದು ಟ್ರೇಲರ್ ಕಟ್ಟಿದ ಲಾರಿಗಳಾದ ರೋಡ್ ಟ್ರೇನ್‌ಗಳು ಬರುತ್ತವೆ, ಒಂದೊಂದು 53 ಮೀಟರ್‌ಗೂ ಉದ್ದ. ಹಿಂದಿನಿಂದ ಬಂದರೆ ನಾವು ವೇಗ ಹೆಚ್ಚಿಸುವುದಿಲ್ಲ. ಯುಎಚ್‌ಎಫ್ ರೇಡಿಯೋದ 40ನೇ ಚಾನಲ್‌ನಲ್ಲಿ ಡ್ರೈವರ್ ಜೊತೆ ಒಂದು ಮಾತಾಡಿ, ದಾರಿ ಕಾಣುವ ಕಡೆ ನೇರ ಹೋಗುತ್ತಿರುತ್ತೇವೆ, ಅವರೇ ದಾಟಿಕೊಂಡು ಹೋಗುತ್ತಾರೆ. ಅದೇ ರೇಡಿಯೋದ ಕೈಸೆಟ್ ಹಿಡಿದುಕೊಂಡು ಕ್ಯಾಂಪಿನಲ್ಲಿ ರಿವರ್ಸ್ ಹಾಕಿಸುವುದು ನನ್ನ ಕೆಲಸ. "ರೀ, ಎಡಕ್ಕೆ, ಇನ್ನೂ ಎಡಕ್ಕೆ, ಸಾಕು ನಿಲ್ಲಿಸಿ." ಕೂಗಾಡಬೇಕಾಗಿಲ್ಲ. ದಿನಕ್ಕೆ 300 ಕಿ.ಮೀ. ಆಸುಪಾಸು, ಇಬ್ಬರೂ ಸರದಿ ಮೇಲೆ ಓಡಿಸುತ್ತೇವೆ, ಸಂಜೆ ನಾಲ್ಕಕ್ಕೆ ಎಲ್ಲಿದ್ದೇವೋ ಅಲ್ಲಿ ನಿಲುಗಡೆ. ಹೊತ್ತು ಮುಳುಗುವಾಗ ಕಾಂಗರೂಗಳು ರಸ್ತೆಗೆ ಬರುತ್ತವೆ, ಬೇಲಿ ಇಲ್ಲದ ಕಡೆ ದನಗಳೂ ಮಲಗಿರುತ್ತವೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಕ್ಯಾರವಾನನ್ನು ಪ್ರತಿ ಕಮರಿಗೂ ಎಳೆದುಕೊಂಡು ಹೋಗಬೇಡಿ. ಒಂದು ಕಡೆ ನಿಲ್ಲಿಸಿ, ಅದನ್ನೇ ಮನೆ ಮಾಡಿಕೊಂಡು, ದಿನಾ ಬರೀ ಕಾರಿನಲ್ಲಿ ಹೋಗಿ ಬನ್ನಿ. ದಣಿವು ಅರ್ಧ ಕಡಿಮೆ. ಫ್ಲಿಂಡರ್ಸ್ ರೇಂಜಸ್‌ನಲ್ಲಿ ವಿಲ್ಪೀನಾದಲ್ಲಿ ನಿಲ್ಲಿಸಿ ಬ್ರಾಚೀನಾ ಗಾರ್ಜ್‌ಗೆ ಹೋದೆವು. 20 ಕಿ.ಮೀ. ಮಣ್ಣಿನ ದಾರಿ, ಅಲ್ಲಲ್ಲಿ ಹಳ್ಳದೊಳಗೇ ಇಳಿಯಬೇಕು. 63 ಕೋಟಿ ವರ್ಷಕ್ಕೂ ಹಿಂದೆ ಶುರುವಾದ ಎಡಿಯಾಕರನ್ ಅನ್ನುವ ಭೂಯುಗದ ಆರಂಭವನ್ನು ವಿಜ್ಞಾನಿಗಳು 2004ರಲ್ಲಿ ಗುರುತಿಸಿದ್ದು ಇಲ್ಲಿನ ಬಂಡೆಯ ಮೇಲೆ. ನಮ್ಮನೆಯವರು ಅಲ್ಲೇ ಕೂತುಬಿಟ್ಟರು. ನಾನು ಚಿಕ್ಕ ಕಾಂಗರೂಗಳಂಥ, ಪಟ್ಟೆ ಬಾಲದ ವಾಲಬಿಗಳನ್ನು ನೋಡುತ್ತಾ ನಿಂತೆ. ಕಲ್ಲಿನಿಂದ ಕಲ್ಲಿಗೆ ಅವು ನೆಗೆಯುವುದನ್ನು ನೋಡುವುದಕ್ಕೇ ಇನ್ನೊಂದು ಸಲ ಹೋಗಬಹುದು.

ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಜಾಸ್ತಿ ದಿನ ಇದ್ದೆವು. ಅಲ್ಲಿಂದ ಪಶ್ಚಿಮಕ್ಕೆ ಮ್ಯಾಕ್‌ಡೊನೆಲ್ ಬೆಟ್ಟಸಾಲು, ಅಲ್ಲಿನ ಮೂಲನಿವಾಸಿಗಳಾದ ಅರೆರ್ಂಟ ಜನ ಅದನ್ನು ತ್ಜೊರಿಟ್ಜಾ ಅನ್ನುತ್ತಾರೆ. ಸಿಂಪ್ಸನ್ಸ್ ಗ್ಯಾಪ್ ಊರಿಗೆ ತೀರಾ ಹತ್ತಿರ. ಸ್ಟ್ಯಾಂಡ್ಲಿ ಚಾಸಮ್‌ಗೆ ನಡುಮಧ್ಯಾಹ್ನವೇ ಹೋಗಬೇಕು. ಎರಡು ಗೋಡೆಗಳ ನಡುವಿನ ಸಂದಿ ಕಿರಿದು, ಸೂರ್ಯ ನೆತ್ತಿಗೆ ಬಂದಾಗಷ್ಟೇ ಬೆಳಕು ಕೆಳಗೆ ಬಿದ್ದು ಕಲ್ಲು ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಅದು ಅರೆರ್ಂಟ ಜನರ ಸ್ವಂತ ಜಾಗ, ಟಿಕೆಟ್ ಬೇರೆ.

ಆರ್ಮಿಸ್ಟನ್ ಗಾರ್ಜ್ ಮಾತ್ರ ಅವಸರದಲ್ಲಿ ನೋಡುವಂಥದ್ದಲ್ಲ. ಆಲಿಸ್‌ನಿಂದ ಸುಮಾರು 135 ಕಿ.ಮೀ., ಪೂರ್ತಿ ಟಾರು ರಸ್ತೆ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಅವಲಕ್ಕಿ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಹೋದೆವು. ಮೊದಲು ಘೋಸ್ಟ್ ಗಮ್ ದಾರಿಯ ಮೆಟ್ಟಿಲು ಹತ್ತಿ ಮೇಲೆ ಹೋದರೆ ಕಮರಿಯ ಅಂಚಿನಲ್ಲಿ ಬೆಳ್ಳನೆಯ ಕಾಂಡದ ಒಂಟಿ ಮರ ನಿಂತಿದೆ, ಕೆಳಗೆ ನೇರಳೆ, ಕೆಂಪು, ಬೂದು ಬಣ್ಣದ ಗೋಡೆಗಳು, ಅವುಗಳ ಕಾಲಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಮಡು. ಆಲ್ಬರ್ಟ್ ನಮತ್ಜಿರಾ ಅನ್ನುವ ಚಿತ್ರಕಾರರು ಈ ಸೀಮೆಯವರೇ, 1902ರಲ್ಲಿ ಹರ್ಮನ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಅವರ ಜಲವರ್ಣಗಳಲ್ಲಿ ಬೆಟ್ಟ ನೇರಳೆ ಬಣ್ಣಕ್ಕಿರುವುದನ್ನು ನೋಡಿ ಅದು ಕಲ್ಪನೆ ಅಂದುಕೊಂಡಿದ್ದೆ, ಅಲ್ಲಿ ನಿಂತ ಮೇಲೆ ಅದು ಕಣ್ಣಿಗೆ ಕಂಡ ಬಣ್ಣ ಅಂತ ಗೊತ್ತಾಯಿತು. ಇಳಿದು ಬಂದು ಮಡುವಿನ ಪಕ್ಕದ ಮರಳಿನಲ್ಲಿ ಮಧ್ಯಾಹ್ನದವರೆಗೂ ಕೂತಿದ್ದೆವು. ನೀರಿಗೆ ಕಾಲಿಟ್ಟರೆ ಮೂಳೆಯವರೆಗೂ ಚಳಿ ಹತ್ತುತ್ತದೆ. ಜೂನ್‌ನಲ್ಲಿ ಈಜುವ ಆಸೆ ಬೇಡ.

ಕಿಂಗ್ಸ್ ಕ್ಯಾನಿಯನ್‌ಗೆ ಮೆರೀನಿ ದಾರಿಯಲ್ಲೂ ಹೋಗಬಹುದು, ಆದರೆ ನಾವು ಲುರಿಟ್ಜಾ ರಸ್ತೆಯ ಸುತ್ತು ಹಿಡಿದೆವು, ಪೂರ್ತಿ ಟಾರು ಅಂತ. ಮೇಲಿನ ಅಂಚಿನ ಸುತ್ತು 6 ಕಿ.ಮೀ. ಶುರುವಿನಲ್ಲೇ ಕಡಿದಾದ ಮೆಟ್ಟಿಲುಗಳು, ಅದೊಂದು ಏರಿದರೆ ಆಮೇಲೆ ಅಷ್ಟು ಕಷ್ಟವಿಲ್ಲ. 36 ಡಿಗ್ರಿ ದಾಟುತ್ತದೆ ಅಂತ ಮುನ್ಸೂಚನೆ ಇದ್ದ ದಿನ ಬೆಳಿಗ್ಗೆ 9ರ ಮೊದಲೇ ಹತ್ತಬೇಕು ಅಂತ ನಿಯಮವಿದೆ. ನಮ್ಮನೆಯವರಿಗೆ ಮಂಡಿ ನೋವು. "ನೀನು ಹೋಗಿ ಬಾ, ನಾನು ಕೆಳಗಿನ ಹಳ್ಳದ ದಾರಿಯಲ್ಲಿ ಇರ್ತೀನಿ" ಅಂದರು. ಹಾಗೇ ಮಾಡಿದೆವು. ಇಬ್ಬರೂ ಎಲ್ಲದಕ್ಕೂ ಜೊತೆಗೇ ಹೋಗಬೇಕು ಅಂತೇನಿಲ್ಲ, ಮಂಡಿಯ ಮಾತು ಕೇಳುವುದು ಒಳ್ಳೆಯದು.

ಉಲುರು ಅನ್ನುವ ದೊಡ್ಡ ಕೆಂಪು ಬಂಡೆಯನ್ನು ಹತ್ತುವುದನ್ನು 2019ರ ಅಕ್ಟೋಬರ್ 26ರಿಂದ ನಿಲ್ಲಿಸಿದ್ದಾರೆ. ತುಂಬಾ ಒಳ್ಳೆಯದಾಯಿತು. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಅದು ಪವಿತ್ರ, ಹತ್ತಬೇಡಿ ಅಂತ ಅವರು ಎಷ್ಟೋ ವರ್ಷ ಕೇಳಿಕೊಂಡಿದ್ದರು. ಸುತ್ತಲೂ 10 ಕಿ.ಮೀ. ದಾರಿ ಇದೆ, ದೇವರ ಗುಡಿಗೆ ಪ್ರದಕ್ಷಿಣೆ ಹಾಕಿದ ಹಾಗೆ ನಿಧಾನವಾಗಿ ನಡೆದೆವು. ಕೆಲವು ಕಡೆ ಫೋಟೋ ತೆಗೆಯಬೇಡಿ ಅಂತ ಬೋರ್ಡ್ ಇದೆ, ದಯವಿಟ್ಟು ತೆಗೆಯಬೇಡಿ.

ಅಡುಗೆ ನಾವೇ ಮಾಡಿಕೊಂಡೆವು. ಚಿಕ್ಕ ಕುಕ್ಕರ್ ಒಂದಿದ್ದರೆ ಗ್ಯಾಸೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರಿದಿಟ್ಟ ರವೆ ಮನೆಯಿಂದಲೇ ಒಯ್ದಿದ್ದೆ. ತರಕಾರಿ ಆಲಿಸ್‌ನಲ್ಲೇ ತುಂಬಿಸಿಕೊಳ್ಳಿ, ಮುಂದೆ ಹೈವೇ ಬದಿಯ ಪೆಟ್ರೋಲ್ ಬಂಕ್-ಅಂಗಡಿಗಳಾದ ರೋಡ್‌ಹೌಸ್‌ಗಳಲ್ಲಿ ದುಬಾರಿ. ಹಲವು ಕಡೆ ಬೋರ್ ನೀರು ಉಪ್ಪುಪ್ಪು, ಬೇಳೆ ಬೇಯುವುದೇ ಇಲ್ಲ, ಹಾಗಾಗಿ ಕುಡಿಯುವ ಮತ್ತು ಅಡುಗೆಯ ನೀರಿಗೆ ಬೇರೆ ಕ್ಯಾನ್ ಇರಲಿ. ವಾಪಸ್ ಬರುವಾಗ ದಕ್ಷಿಣ ಆಸ್ಟ್ರೇಲಿಯಾದ ಗಡಿಯೊಳಗೆ ಹಣ್ಣು ತರುವ ಹಾಗಿಲ್ಲ, ಹಣ್ಣಿನ ನೊಣದ ಭಯ. ಮೊದಲೇ ತಿಂದು ಮುಗಿಸಿ. ಬಿಪಿ ಮಾತ್ರೆ ಬೇಕಾದ್ದಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳಿ. ಊರು ಬಿಟ್ಟರೆ ಫೋನ್ ಸಿಗ್ನಲ್ ಇರುವುದಿಲ್ಲ, ಅದಕ್ಕೆ ಅಪಾಯವಾದಾಗ ಉಪಗ್ರಹಕ್ಕೆ ಸಂಕೇತ ಕಳಿಸುವ ಪಿಎಲ್‌ಬಿ ಒಂದನ್ನು ನಡೆಯುವಾಗಲೂ ಚೀಲದಲ್ಲಿ ಇಟ್ಟುಕೊಂಡಿದ್ದೆವು.

ಇನ್ನೊಂದು ವಿಷಯ. 2023ರಿಂದ ಆಲಿಸ್, ಉಲುರು ಎಲ್ಲ ಇರುವ ನಾರ್ದರ್ನ್ ಟೆರಿಟರಿ ಪ್ರಾಂತದ ಹೊರಗಿನವರು ಅಲ್ಲಿನ ಪಾರ್ಕ್‌ಗಳಿಗೆ ಪಾಸ್ ಮಾಡಿಸಬೇಕು. ಉಲುರು, ಕಕಡುಗೆ ಆ ಪಾಸ್ ನಡೆಯುವುದಿಲ್ಲ, ಬೇರೆ ತಗೋಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ, ಸಿಗ್ನಲ್ ಇರುವಾಗಲೇ ಮುಗಿಸಿಕೊಳ್ಳಿ. ಮುಂದಿನ ಸಲ ನಾವು ಕ್ಯಾಥರಿನ್‌ವರೆಗೂ ಹೋಗಿ ನಿಟ್ಮಿಲುಕ್‌ನ ಕಮರಿಗಳನ್ನು ದೋಣಿಯಲ್ಲಿ ನೋಡಬೇಕು ಅಂತಿದ್ದೇವೆ. ಅದಕ್ಕೂ ಜೂನ್, ಜುಲೈಯೇ ಸರಿ, ಮಳೆಗಾಲದಲ್ಲಿ ಉಪ್ಪುನೀರಿನ ಮೊಸಳೆಗಳು ಅಲ್ಲಿಯವರೆಗೂ ಬರುತ್ತವೆ.